ಬೆನ್ನಿಗೆ ಚೀಲ, ತಲೆಗೆ ಟವೆಲ್: ಸುರಪುರದಿಂದ ಬೀದರ್‌ವರೆಗೆ ಬಸ್ಸು ರೈಲಿನಲ್ಲಿ ಸುತ್ತುವುದು ಹೇಗೆ?

ಲಾವೋಸ್ ದೇಶದ ರಾಜಧಾನಿ ವಿಯೆಂಟಿಯಾನ್ ಮತ್ತು ನಮ್ಮ ಬೀದರ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ 18 ಡಿಗ್ರಿ ಉತ್ತರದ ಸಮೀಪ. ಬ್ಯಾಕ್‌ಪ್ಯಾಕಿಂಗ್ ಅಂದ ಕೂಡಲೇ ಥಾಯ್ಲೆಂಡ್, ವಿಯೆಟ್ನಾಂ ವಿಡಿಯೊ ಹುಡುಕುವ ನಮ್ಮ ಹುಡುಗ ಹುಡುಗಿಯರಿಗೆ ಇದನ್ನು ಮೊದಲು ಹೇಳಬೇಕು. ಉಷ್ಣವಲಯದಲ್ಲಿ ತಿರುಗಾಡಲು ಪಾಸ್‌ಪೋರ್ಟೇ ಬೇಕು ಅಂತಿಲ್ಲ. ಬಸ್ಸು, ಪ್ಯಾಸೆಂಜರ್ ರೈಲು, ಟಂಟಂ (ಶೇರ್ ಆಟೊ) ಹಿಡಿದು ಯಾದಗಿರಿ, ಕಲಬುರಗಿ, ಬೀದರ್ ಜಿಲ್ಲೆಗಳನ್ನು ಒಂದು ವಾರ, ಹತ್ತು ದಿನದಲ್ಲಿ ದಾಟಬಹುದು. ಮುಂದೆ ದೂರದ ದೇಶಕ್ಕೆ ಹೋಗುವ ಆಸೆ ಇದ್ದರೂ ತಾಲೀಮು ಇಲ್ಲೇ ಆಗಲಿ. ಇಲ್ಲಿನ ಬಿಸಿಲು ತಡೆದವರು ಎಲ್ಲಿ ಬೇಕಾದರೂ ತಡೆಯುತ್ತಾರೆ.

ಈ ಸೀಮೆಯಲ್ಲಿ ಎಷ್ಟು ಕಿಲೋಮೀಟರ್ ಅನ್ನುವುದಕ್ಕಿಂತ ಎಷ್ಟು ಗಂಟೆಗೆ ಹೊರಟಿರಿ ಅನ್ನುವುದು ಜಾಸ್ತಿ ಮುಖ್ಯ. ಕೆಳಗಿನ ಸಲಹೆಗಳೆಲ್ಲ ಆ ಲೆಕ್ಕದ ಮೇಲೇ ನಿಂತಿವೆ.

ತಿಂಗಳು ಆರಿಸಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಕಳೆದರೆ ಬೇಡ. ಕಲಬುರಗಿಯಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಒಂದು ಮೇ ತಿಂಗಳಿನ ಮೊದಲರ್ಧದಲ್ಲಿ, ಇನ್ನೊಂದು ಆಗಸ್ಟ್ ಮೊದಲ ವಾರದ ಆಸುಪಾಸು. ಆಗಸ್ಟ್‌ನಲ್ಲಿ ಮೋಡ ಕಾಪಾಡುತ್ತದೆ. ಮೇನಲ್ಲಿ ಕಾಪಾಡಲು ಏನೂ ಇರುವುದಿಲ್ಲ.

ಮಳೆಗಾಲದಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ಭೀಮಾ ನದಿಗೆ ಪ್ರವಾಹ ಬರಲು ನಮ್ಮಲ್ಲೇ ಮಳೆ ಆಗಬೇಕು ಅಂತೇನಿಲ್ಲ. ಮಹಾರಾಷ್ಟ್ರದಲ್ಲಿ ಜೋರು ಮಳೆಯಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಸಾಕು, ಇಲ್ಲಿ ಆಕಾಶ ಬೆಳ್ಳಗಿದ್ದರೂ ಸೇತುವೆ ಮುಳುಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಆದದ್ದನ್ನು ಅಫಜಲಪುರ ಕಡೆಯವರನ್ನು ಕೇಳಿ ನೋಡಿ. ಹೊಳೆ ದಾಟುವ ದಾರಿ ಇದ್ದರೆ ಹಿಂದಿನ ರಾತ್ರಿಯೇ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿಕೊಳ್ಳಿ. ಎರೆ ಹೊಲದ ಕಾಲುದಾರಿಯಂತೂ ಮಳೆ ಬಿದ್ದ ಮೇಲೆ ಬೇಡವೇ ಬೇಡ. ಮಣ್ಣು ಚಪ್ಪಲಿಗೆ ಅಂಟಿದರೆ ಬಿಡುವುದಿಲ್ಲ.

ದಾರಿ: ಕೆಳಗಿನಿಂದ ಮೇಲಕ್ಕೆ

ದಕ್ಷಿಣದಿಂದ ಉತ್ತರಕ್ಕೆ ಹೋಗಿ. ಸುರಪುರ, ಶಹಾಪುರ, ಯಾದಗಿರಿ, ಅಲ್ಲಿಂದ ನಾಲವಾರ ಮೇಲೆ ಸನ್ನತಿ, ವಾಡಿ, ಕಲಬುರಗಿ, ಹುಮನಾಬಾದ್, ಬಸವಕಲ್ಯಾಣ, ಕೊನೆಗೆ ಬೀದರ್. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ದಣಿದ ಮೈಗೆ ಕೊನೆಯಲ್ಲಿ ಸ್ವಲ್ಪ ತಂಪು ಸಿಗುತ್ತದೆ. ಉಲ್ಟಾ ಹೋದರೆ ತಂಪಿನಿಂದ ಕಾವಲಿಗೆ ಇಳಿದ ಹಾಗಾಗುತ್ತದೆ.

ಸುರಪುರ, ಶಹಾಪುರಕ್ಕೆ ರೈಲಿಲ್ಲ, ಬಸ್ಸೇ ಗತಿ. ಸುರಪುರದಲ್ಲಿ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿ. 19ನೇ ಶತಮಾನದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಅದು. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಸಾಲು ರಸ್ತೆಯಿಂದಲೇ ಕಾಣುತ್ತದೆ. ಅದಕ್ಕೆ ಅರ್ಧ ದಿನ ಖರ್ಚು ಮಾಡಬೇಕಿಲ್ಲ.

ಯಾದಗಿರಿಯಲ್ಲಿ ಕೋಟೆ ಊರ ನಡುವೆಯೇ ಇದೆ. ಇದನ್ನು ಬೆಳಗಿನ ಜಾವವೇ ಹತ್ತಬೇಕು. ಸಂಜೆ ತಂಪಾಗಿರುತ್ತದೆ ಅಂದುಕೊಂಡರೆ ಮೋಸ. ಇಡೀ ದಿನ ಕಾದ ಕಲ್ಲುಬಂಡೆ ಸೂರ್ಯ ಮುಳುಗಿದ ಮೇಲೂ ಬಿಸಿ ಬಿಡುತ್ತಲೇ ಇರುತ್ತದೆ. ಮುಂಜಾನೆ ಅದೇ ಬಂಡೆ ತಣ್ಣಗಿರುತ್ತದೆ.

ಸನ್ನತಿ ಬಿಡಬೇಡಿ. ಭೀಮೆಯ ದಂಡೆಯ ಈ ಊರಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಕೆಳಗೆ ಪೀಠವಾಗಿ ಇಟ್ಟಿದ್ದ ಕಲ್ಲು ಅಶೋಕನ ಶಾಸನ ಅಂತ ಆಗ ಗೊತ್ತಾಯಿತು. ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಸಿಕ್ಕಿತು. ಅದರ ಒಂದು ಚಪ್ಪಡಿಯಲ್ಲಿ ರಾಜ, ರಾಣಿ, ಪರಿವಾರದ ಚಿತ್ರವಿದೆ, ಜತೆಗೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರೂ ಇದೆ. ಹತ್ತಿರದ ರೈಲು ನಿಲ್ದಾಣ ನಾಲವಾರ. ಎಕ್ಸ್‌ಪ್ರೆಸ್ ರೈಲುಗಳನ್ನು ನಂಬಿ ಹೋಗಬೇಡಿ, ನಿಧಾನದ ರೈಲು ಹಿಡಿಯಿರಿ. ನಿಲ್ದಾಣದಿಂದ ಮುಂದಕ್ಕೆ ಬಸ್ಸು ಅಥವಾ ಆಟೊ. ವಾಪಸ್ ಬರುವ ಗಾಡಿ ಎಷ್ಟಕ್ಕಿದೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ. ಇಲ್ಲಿ ನೆರಳು ಕಡಿಮೆ, ಹತ್ತು ಗಂಟೆಯೊಳಗೆ ಮುಗಿಸಿ.

ಕಲಬುರಗಿಯಲ್ಲಿ ಎರಡು ರಾತ್ರಿ ಇರಿ. ಇಲ್ಲಿಂದ ದತ್ತ ಕ್ಷೇತ್ರ ಗಾಣಗಾಪುರಕ್ಕೂ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೂ ಚೀಲವನ್ನು ರೂಮಿನಲ್ಲೇ ಬಿಟ್ಟು ಹೋಗಿ ಬರಬಹುದು.

ದಿನದ ಲೆಕ್ಕ

ಆರಕ್ಕೆ ಹೊರಗೆ, ಹತ್ತಕ್ಕೆ ನಡಿಗೆ ಬಂದ್. ಹತ್ತರಿಂದ ಹನ್ನೆರಡರವರೆಗೆ ಊರಿಂದ ಊರಿಗೆ ಪ್ರಯಾಣ. ಆಮೇಲೆ ಊಟ ಮಾಡಿ ನಾಲ್ಕರವರೆಗೆ ದಪ್ಪ ಗೋಡೆಯ ಒಳಗೆ ಇರಿ. ಚಳಿಗಾಲದಲ್ಲೂ ಇದೇ ಪದ್ಧತಿ ಇಟ್ಟುಕೊಂಡರೆ ಮೂರನೇ ದಿನ ತಲೆನೋವು ಅಂತ ಮಲಗುವುದು ತಪ್ಪುತ್ತದೆ.

ದಪ್ಪ ಗೋಡೆಗೆ ಈ ಸೀಮೆಯಲ್ಲಿ ಬರಗಾಲವೇ? ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ 1367ರದ್ದು. ಸಾಮಾನ್ಯವಾಗಿ ಇಂಥ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ. ಇದರಲ್ಲಿ ಇಲ್ಲ, ಪೂರ್ತಿ ಗುಮ್ಮಟಗಳ ಚಾವಣಿ. ಯಾಕೆ ಹೀಗೆ ಕಟ್ಟಿದರು ಅನ್ನುವುದಕ್ಕೆ ಪಂಡಿತರು ಏನೇನೋ ಹೇಳಬಹುದು. ಏಪ್ರಿಲ್ ಮಧ್ಯಾಹ್ನ ಒಳಗೆ ಕಾಲಿಟ್ಟವರು ಅದನ್ನೆಲ್ಲ ಕೇಳುವುದಿಲ್ಲ, ಸುಮ್ನೆ ಉಸಿರು ಬಿಡುತ್ತಾರೆ. ಪ್ರಾರ್ಥನೆಯ ಜಾಗ, ದರ್ಗಾ, ಗುಡಿ ಎಲ್ಲೇ ಆಗಲಿ, ಚಪ್ಪಲಿ ಬಿಟ್ಟು, ಕಾಲು ಮುಚ್ಚುವ ಬಟ್ಟೆಯಲ್ಲಿ ಹೋಗಿ.

ಚೀಲ

ಏಳೆಂಟು ಕಿಲೋ ಮೀರಬಾರದು. ನೀರೂ ಸೇರಿ ಇಷ್ಟು. ತೆಳು ಹತ್ತಿಯ ಪೂರ್ತಿ ತೋಳಿನ ಅಂಗಿ ಮೂರು ಸಾಕು, ಲಾಡ್ಜಿನಲ್ಲಿ ರಾತ್ರಿ ಒಗೆದು ಹಾಕಿದರೆ ಬೆಳಗಾಗುವಷ್ಟರಲ್ಲಿ ಒಣಗುತ್ತವೆ. ಜೀನ್ಸ್ ಬೇಡ. ಹಿಂದೆ ಪಟ್ಟಿ ಇರುವ ಚಪ್ಪಲಿ, ಟಾರ್ಚು, ಬಟ್ಟೆ ಒಣಗಿಸಲು ನಾಲ್ಕು ಮೊಳ ಹಗ್ಗ, ಸೊಳ್ಳೆಗೆ ಹಚ್ಚುವ ಮುಲಾಮು. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಹಾಗಾಗಿ ಮುಲಾಮು ರಾತ್ರಿಗೆ ಮಾತ್ರ ಅಂದುಕೊಳ್ಳಬೇಡಿ. ಡಿಸೆಂಬರ್, ಜನವರಿಯಲ್ಲಿ ಹೋಗುವವರು ಒಂದು ಚಾದರ ಇಟ್ಟುಕೊಳ್ಳಿ. ಬೀದರ್‌ನಲ್ಲಿ ರಾತ್ರಿ 10 ಡಿಗ್ರಿ ಹತ್ತಿರಕ್ಕೆ ಇಳಿಯುವುದುಂಟು.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಎರಡು ಹತ್ತಿ ಟವೆಲ್. ಒಂದನ್ನು ನೀರಿನಲ್ಲಿ ಅದ್ದಿ ಹಿಂಡಿ ತಲೆಗೆ ಸುತ್ತಿಕೊಳ್ಳಿ. ನಮ್ಮ ಗಾಳಿ ಒಣಗಾಳಿ, ಕರಾವಳಿಯ ಹಾಗೆ ಜಿಗಟು ಅಲ್ಲ. ಒಣಗಾಳಿಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ಶಾಖ ಎಳೆದುಕೊಳ್ಳುತ್ತದೆ. ಹೊಲದಲ್ಲಿ ದುಡಿಯುವವರು ಮಾಡುವುದೂ ಇದನ್ನೇ.

ಬಸ್ಸು, ರೈಲು, ಟಂಟಂ

ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಮೂರೂ ಜಿಲ್ಲೆಯ ದೊಡ್ಡ ಊರುಗಳನ್ನೆಲ್ಲ ಮುಟ್ಟುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ರಾಜ್ಯದೊಳಗೆ ಟಿಕೆಟ್ ದುಡ್ಡಿಲ್ಲ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಹೈದರಾಬಾದ್, ಸೊಲ್ಲಾಪುರಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ, ಎಸಿ, ಸ್ಲೀಪರ್‌ಗೆ ಇದು ನಡೆಯುವುದಿಲ್ಲ. ಹತ್ತುವ ಮೊದಲು ಬೋರ್ಡು ನೋಡಿ, ಕಂಡಕ್ಟರ್‌ನೂ ಕೇಳಿ.

ಸೀಟು ಹಿಡಿಯುವುದರಲ್ಲೂ ಲೆಕ್ಕವಿದೆ. ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ಬೆಳಿಗ್ಗೆ ಬಿಸಿಲು ಬಲಕ್ಕೆ ಬೀಳುತ್ತದೆ. ಎಡಕ್ಕೆ ಕೂತುಕೊಳ್ಳಿ. ಮಧ್ಯಾಹ್ನದ ಮೇಲೆ ಹೊರಟರೆ ಬಲಕ್ಕೆ. ಕಿಟಕಿ ಪಕ್ಕದ ಜಾಗಕ್ಕೆ ಟವೆಲ್ ಒಗೆದು ಸೀಟು ಹಿಡಿಯುವ ನಮ್ಮ ಜನ ಈ ಲೆಕ್ಕ ಯಾಕೆ ಹಾಕುವುದಿಲ್ಲವೋ!

ಯಾದಗಿರಿ, ವಾಡಿ, ಕಲಬುರಗಿ ಮೂರೂ ಮುಂಬೈ ಚೆನ್ನೈ ಮುಖ್ಯ ಮಾರ್ಗದಲ್ಲಿವೆ. ವಾಡಿಯಲ್ಲಿ ಸಿಕಂದರಾಬಾದ್ ಕಡೆಯ ದಾರಿ ಕವಲೊಡೆಯುತ್ತದೆ. ಮಳಖೇಡಕ್ಕೆ ಆ ದಾರಿ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್‌ಗೆ ಹೋಗುವ ಸುಮಾರು 110 ಕಿಲೋಮೀಟರ್ ಮಾರ್ಗ ಪೂರ್ತಿಯಾಗಿ ಶುರುವಾದದ್ದು 2017ರ ಅಕ್ಟೋಬರ್‌ನಲ್ಲಿ. ಅದರಲ್ಲಿ ರೈಲು ಕಡಿಮೆ. ಸಮಯ ಹೊಂದಿದರೆ ಹತ್ತಿ, ಇಲ್ಲದಿದ್ದರೆ ಕಾಯುತ್ತಾ ಕೂರದೆ ಬಸ್ಸಿಗೆ ನಡೆಯಿರಿ.

ಹಳ್ಳಿ ದಾರಿಗೆ ಟಂಟಂ, ಕ್ರೂಸರ್. ತುಂಬುವವರೆಗೆ ಹೊರಡುವುದಿಲ್ಲ, ತುಂಬಿದ ಮೇಲೂ ಇನ್ನಿಬ್ಬರನ್ನು ಹತ್ತಿಸುತ್ತಾರೆ. ದರ ಮೊದಲೇ ಕೇಳಿ, ಹತ್ತಿಪ್ಪತ್ತರ ಚಿಲ್ಲರೆ ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಪೇ ಕೆಲಸ ಮಾಡುವುದಿಲ್ಲ. ದಾರಿ ಕೇಳುವಾಗ "ಕಾಕಾ", "ಯಕ್ಕಾ", "ಭಾಯಿ" ಅನ್ನಿ. "ಇಲ್ಲೇ ಅದ ನೋಡ್ರಿ" ಅಂದರೆ ಎಷ್ಟು ದೂರ ಅಂತ ಮತ್ತೊಬ್ಬರನ್ನು ಕೇಳುವುದು ಒಳ್ಳೆಯದು. ಹೇಳಿದವರಿಗೆ ಅದು ನಿಜವಾಗಲೂ ಇಲ್ಲೇ, ಚೀಲ ಹೊತ್ತವರಿಗೆ ಎರಡು ಮೈಲು.

ನೀರು, ಊಟ

ಬೆಳಿಗ್ಗೆ ಹೊರಡುವಾಗ ಕೈಯಲ್ಲಿ ಎರಡು ಲೀಟರ್ ಇರಲಿ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಕೆಲಸ ಮಾಡುತ್ತಿದ್ದರೆ ಅಲ್ಲೇ ತುಂಬಿಸಿಕೊಳ್ಳಿ, ನಾಣ್ಯ ಇಟ್ಟುಕೊಂಡಿರಿ. ಬೋರ್‌ವೆಲ್ ನೀರು ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಎರಡು ದಿನ ಕುಡಿದವರಿಗೆ ಫ್ಲೋರೈಡ್‌ನಿಂದ ಏನೂ ಆಗದು. ಪ್ರವಾಸಿಗರನ್ನು ಮಲಗಿಸುವುದು ಕ್ರಿಮಿ, ಅದರಲ್ಲೂ ಜ್ಯೂಸಿಗೆ ಹಾಕುವ ಐಸು. ಕಬ್ಬಿನ ಹಾಲು ಬೇಕೆನಿಸಿದರೆ ಐಸು ಬೇಡ ಅನ್ನಿ.

ಬೆವರು ಜಾಸ್ತಿ ಹೋದಾಗ ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ, ಅಷ್ಟಕ್ಕೇ ಬೆರೆಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಬೇಕು, ಗೋಪುರ ಮಾಡಬಾರದು. ಉಪ್ಪು ಹೆಚ್ಚಾದರೆ ಲಾಭಕ್ಕಿಂತ ನಷ್ಟವೇ.

ಊಟದ ವಿಷಯದಲ್ಲಿ ನಮಗೆ ಸಿಕ್ಕಿರುವ ಅನುಕೂಲ ಬೇರೆ ಸೀಮೆಯವರಿಗಿಲ್ಲ. ಖಡಕ್ ರೊಟ್ಟಿಯಲ್ಲಿ ತೇವವೇ ಇರುವುದಿಲ್ಲ, ಅದಕ್ಕೇ ವಾರಗಟ್ಟಲೆ ಕೆಡುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗೆ ಬೆವರಿ ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ತಾಟಿನ ಮೇಲೆ ಇಟ್ಟು, ಚೀಲದಲ್ಲಿ ಬೆನ್ನಿಗೆ ತಾಗುವ ಕಡೆ ನಿಲ್ಲಿಸಿ. ಜತೆಗೆ ಒಂದು ಡಬ್ಬಿ ಶೇಂಗಾ ಹಿಂಡಿ (ಚಟ್ನಿಪುಡಿ). ಯಾವ ಹಳ್ಳಿಯಲ್ಲೂ ಒಂದಿಷ್ಟು ಮೊಸರು, ಉಳ್ಳಾಗಡ್ಡಿ ಸಿಗುತ್ತದೆ. ದಿನಕ್ಕೆ ಒಂದು ಹೊತ್ತು ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯ, ಬ್ಯಾಳಿ ಉಣ್ಣಿ. ಬೆಳಿಗ್ಗೆ ಮಂಡಕ್ಕಿಯ ಸುಸಲಾ. ಮಿರ್ಚಿ ಭಜಿಗೆ ಅಡ್ಡಿ ಇಲ್ಲ, ಆದರೆ ದೂರದ ಬಸ್ಸು ಹತ್ತುವ ಮುಂಚೆ ಬೇಡ.

ರಾತ್ರಿ

ಹೊಸ ಊರಿಗೆ ಕತ್ತಲಾಗುವ ಮೊದಲೇ ಮುಟ್ಟಿ. ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗಂತೂ ಇದು ಕಡ್ಡಾಯ. ರೂಮು ನೋಡಿ, ಬಾಗಿಲ ಚಿಲಕ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ. ಹುಣ್ಣಿಮೆ, ಗುರುವಾರ ಗಾಣಗಾಪುರದಲ್ಲಿ ಜಾಗ ಸಿಗುವುದು ಕಷ್ಟ. ಕಲಬುರಗಿಯಲ್ಲಿ ಬಂದೇನವಾಜ್ ಉರುಸು, ಹೋಳಿ ಆದ ಮೇಲಿನ ಶರಣಬಸವೇಶ್ವರ ಜಾತ್ರೆ ಹೊತ್ತಿನಲ್ಲೂ ಹಾಗೇ. ಜಾತ್ರೆ ನೋಡುವುದೇ ಉದ್ದೇಶವಾದರೆ ರೂಮು ಮೊದಲೇ ಹೇಳಿಟ್ಟುಕೊಳ್ಳಿ.

ಮೈ ಕೆಟ್ಟರೆ

ತಲೆ ಸುತ್ತು, ವಾಕರಿಕೆ ಬಂದರೆ ನೆರಳಿಗೆ ಹೋಗಿ, ಕಾಲು ಮೇಲೆ ಮಾಡಿ ಮಲಗಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ಆದರೆ ಜತೆಗಾರ ತೊದಲುತ್ತಿದ್ದರೆ, ಎಲ್ಲಿದ್ದೇನೆ ಅನ್ನುವುದೇ ಗೊತ್ತಾಗದಿದ್ದರೆ ಅದು ಬೇರೆ. ಬೆವರು ಬರುತ್ತಿರಲಿ, ಬಿಡಲಿ, ಉಷ್ಣಾಘಾತ ಅಂತಲೇ ತಿಳಿಯಿರಿ. ಕೂಡಲೇ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಮೈಮೇಲೆಲ್ಲ ನೀರು ಸುರಿದು ಗಾಳಿ ಹಾಕುತ್ತಿರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಆ ಕೈ ಅಥವಾ ಕಾಲು ಅಲ್ಲಾಡದಂತೆ ಇಟ್ಟು ಸರ್ಕಾರಿ ಆಸ್ಪತ್ರೆಗೆ ಹೊರಡಿ. ಕೃಷ್ಣೆಯಲ್ಲಿ ಮೊಸಳೆ ಇವೆ. ಊರವರು ಇಳಿಯದ ಕಡೆ ನೀವೂ ಇಳಿಯಬೇಡಿ.

ಬೀದರ್ ತಲುಪಿದ ಮೇಲೆ

ಇಲ್ಲಿನ ನೆಲ ಕೆಂಪು ಮುರಕಲ್ಲಿನದು. ಮಳೆನೀರು ಅದರಲ್ಲಿ ಇಂಗಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ, ನೌಬಾದ್‌ನ ಕರೇಜ್ ಸುರಂಗ ಕಾಲುವೆ ಎಲ್ಲ ಇದರ ಫಲ. ನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ (ಉಚಿತ ಊಟದ ಮನೆ) ಯಾರು ಬೇಕಾದರೂ ಊಟಕ್ಕೆ ಕೂರಬಹುದು, ತಲೆಗೆ ಬಟ್ಟೆ ಇರಬೇಕು ಅಷ್ಟೇ. ನರಸಿಂಹ ಝರಣಿಯ ಗುಹೆ ಗುಡಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಒಳಗೆ ಬಿಡುತ್ತಿದ್ದಾರಾ ಅಂತ ಕೇಳಿ, ಮೊಬೈಲನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಳಿಯಿರಿ. ಬೆಳಿಗ್ಗೆ ಅಷ್ಟೂರಿನ ಬಹಮನಿ ಸುಲ್ತಾನರ ಸಮಾಧಿ ಗುಮ್ಮಟಗಳು, ಮಧ್ಯಾಹ್ನ 1472ರ ಮಹಮೂದ್ ಗವಾನ್ ಮದರಸಾ, ಸಂಜೆ ಕೋಟೆ. ಕೋಟೆಗೆ ಎರಡು ಗಂಟೆ ಸಾಲದು.

ಬಿದ್ರಿ ಸಾಮಾನು ಕೊಳ್ಳುವುದಿದ್ದರೆ ಹೊರಡುವ ದಿನವೇ ಕೊಳ್ಳಿ. ಅದು ಸತು, ತಾಮ್ರದ ಮಿಶ್ರಣ, ಕೈಗೆ ಭಾರ. ಕುಸುರಿ ಮಾಡುವವರ ಅಂಗಡಿಯಲ್ಲೇ ನೋಡಿ. ಬೆಳ್ಳಿ ತಂತಿ ಕೂರಿಸಿದ ಜಾಗದಲ್ಲಿ ಬೆರಳಾಡಿಸಿದರೆ ಏರುತಗ್ಗು ಸಿಗಬಾರದು. ರೊಟ್ಟಿ ಖಾಲಿಯಾದ ಜಾಗದಲ್ಲಿ ಟವೆಲ್ ಸುತ್ತಿ ಇಟ್ಟರೆ ಊರಿಗೆ ಸುರಕ್ಷಿತವಾಗಿ ಬರುತ್ತದೆ. ಬೀದರ್‌ನಿಂದ ಬೆಂಗಳೂರು, ಹೈದರಾಬಾದ್ ಕಡೆ ರೈಲು ಇದೆ. ಬೆಂಗಳೂರಿನ ರಾತ್ರಿ ರೈಲಿಗೆ ಸೀಟು ಮೊದಲೇ ಕಾಯ್ದಿರಿಸಿ. ಹಬ್ಬದ ಹಿಂದೆ ಮುಂದೆ ಜನರಲ್ ಬೋಗಿಯಲ್ಲಿ ಚೀಲ ಇಡಲೂ ಜಾಗ ಸಿಗುವುದಿಲ್ಲ.