ವಾಕಿಂಗ್‌ಗೆ ನಾಯಿ ಕರೆದುಕೊಂಡು ಹೋಗುವವರಿಗೆ

ಹಾಸನದ ಮಹಾರಾಜ ಪಾರ್ಕ್ ಕಡೆ ನಾಯಿ ಜೊತೆ ಬರುವವರೇ, ದಯವಿಟ್ಟು ಲೀಶ್ ಹಾಕಿ. 'ನಮ್ದು ಏನೂ ಮಾಡಲ್ಲ' ಅಂತೀರಿ, ಸರಿ. ಎದುರಿಗೆ ಬರುವ ಅಜ್ಜಿಗೆ ಅದು ಗೊತ್ತಿಲ್ವಲ್ಲ! ಜನರ ಜೀವಕ್ಕೆ ಅಪಾಯ ಆಗುವಂತೆ ಸಾಕುಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ.

ನಾಲ್ಕೈದು ಅಡಿಯ ಲೀಶ್ ಸಾಕು. ಉದ್ದಕ್ಕೆ ಬಿಚ್ಚಿಕೊಳ್ಳುವ ಸುರುಳಿ ಲೀಶ್ ರಸ್ತೆಗೆ ಬೇಡ, ಬೈಕ್ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆ ಬೆಲ್ಟಿನೊಳಗೆ ಎರಡು ಬೆರಳು ಹೋಗಬೇಕು, ಅಷ್ಟೇ. ಅದಕ್ಕಿಂತ ಸಡಿಲವಿದ್ದರೆ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಳ್ಳುತ್ತದೆ. ನಮ್ಮ ಮಳೆಗೆ ಕೊಕ್ಕೆ ತುಕ್ಕು ಹಿಡಿದು ಸ್ಪ್ರಿಂಗ್ ಅರ್ಧಕ್ಕೇ ನಿಲ್ಲುತ್ತದೆ, ಹೊರಡುವಾಗ ಒಮ್ಮೆ ಒತ್ತಿ ನೋಡಿ. ಲೀಶನ್ನು ಬೆರಳಿಗೆ ಮಾತ್ರ ಸುತ್ತಿಕೊಳ್ಳಬೇಡಿ, ಬೀದಿನಾಯಿ ಕಂಡು ಎಳೆದರೆ ಬೆರಳೇ ಮುರಿದೀತು.