ಎರಡು ಲಕ್ಷ ದಾಟಿದ ಎಸ್ಟೀಮನ್ನು ಆಟೋಕ್ರಾಸಿಗೆ ಇಳಿಸಿದ್ದು

ಹಳೇ ಕಾರನ್ನು ಆಟೋಕ್ರಾಸಿಗೆ, ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಸಮಯ ಅಳೆದು ನಡೆಸುವ ಕಾರು ಸ್ಪರ್ಧೆಗೆ, ತಯಾರು ಮಾಡ್ತಾ ಇದ್ದೇನೆ ಅಂದರೆ ಮಂಗಳೂರಿನ ಹುಡುಗರು ಮೊದಲು ಕೇಳುವುದು, "ಫ್ರೀ ಫ್ಲೋ ಸೈಲೆನ್ಸರ್ ಹಾಕಿದ್ರಾ?" ಅಂತ. ಹೊಗೆ ಸರಾಗವಾಗಿ ಬಿಟ್ಟು ಶಕ್ತಿ ಏರಿಸಲೆಂದು ಹಾಕುವ ಆ ಸೈಲೆನ್ಸರ್ ನಾನು ಹಾಕಿಲ್ಲ, ಹಾಕುವ ಅಂದಾಜೂ ಇಲ್ಲ. ನನ್ನದು 2005ರ ಮಾರುತಿ ಎಸ್ಟೀಮ್. 1298 ಸಿಸಿ, ಹದಿನಾರು ವಾಲ್ವಿನ ಎಂಜಿನ್, ಹೊಸದರಲ್ಲಿ 85 ಎಚ್‌ಪಿ. ಗಾಡಿಯ ತೂಕ ಒಂಬೈನೂರು ಕಿಲೋ ಆಸುಪಾಸು. ಎರಡನೇ ಗೇರು ಬಿಟ್ಟು ಮೇಲೆ ಹೋಗಲು ಪುರುಸೊತ್ತೇ ಸಿಗದ ಟ್ರ್ಯಾಕಿಗೆ ಅಷ್ಟು ಶಕ್ತಿ ಧಾರಾಳ ಸಾಕು. ಎರಡು ಲಕ್ಷ ಕಿಲೋಮೀಟರ್ ಓಡುವಷ್ಟರಲ್ಲಿ ಕಾರು ಕಳೆದುಕೊಂಡದ್ದು ಬೇರೆ: ರಬ್ಬರುಗಳ ಬಿಗಿ, ಬ್ರೇಕಿನ ಕಚ್ಚು, ರೇಡಿಯೇಟರಿನ ತಂಪು, ಬಾಡಿಯ ಗಟ್ಟಿತನ. ನನ್ನ ದುಡ್ಡೆಲ್ಲ ಹೋದದ್ದು ಅದನ್ನು ವಾಪಸ್ ತರುವುದಕ್ಕೆ.

ಬೆಂಗಳೂರಿನವರಿಗೆ ಈ ಕೆಲಸ ಎಂಜಿನ್ನಿನಿಂದ ಶುರುವಾಗಬಹುದು. ನಮಗೆ ತುಕ್ಕಿನಿಂದ. ಕಡಲ ಉಪ್ಪುಗಾಳಿ, ಜೂನಿನಿಂದ ಸೆಪ್ಟೆಂಬರ್ ವರೆಗೆ ಬಿಡದ ಮಳೆ; ಮೇಲಿನ ಪೇಂಟು ಫಳಫಳ ಹೊಳೆಯುತ್ತಿದ್ದರೂ ಅಡಿಯಲ್ಲಿ ತಗಡು ಉದುರುತ್ತಿರುತ್ತದೆ. ಬೈಕಂಪಾಡಿ ಕಡೆಯ ಟಿಂಕರಿಂಗ್ ಶೆಡ್ಡಿಗೆ ಕೊಂಡುಹೋದಾಗ ಅಲ್ಲಿನ ಹಿರಿಯ ಮೇಸ್ತ್ರಿ ಬಾನೆಟ್ ಎತ್ತಲು ಬಿಡಲೇ ಇಲ್ಲ. "ಎಂಜಿನ್ ಆಮೇಲೆ ನೋಡುವ ಮಾರಾಯ್ರೆ, ಮೊದಲು ಅಡಿ ತೋರಿಸಿ" ಅಂದರು. ಸ್ಕ್ರೂಡ್ರೈವರ್ ಹಿಡಿದು ಕುಟ್ಟುತ್ತಾ ಹೋದರು. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಬೊದ್ದು ಶಬ್ದ ಮಾಡುತ್ತದೆ. ಬಾಗಿಲ ಕೆಳಗಿನ ಸಿಲ್‌ನಲ್ಲಿ ಒಂದು ಕಡೆ ಸ್ಕ್ರೂಡ್ರೈವರೇ ಒಳಗೆ ಹೋಯಿತು. ಮ್ಯಾಗ್ನೆಟ್ ಇಟ್ಟರೆ ಹಿಡಿಯದ ಜಾಗಗಳೂ ಸಿಕ್ಕಿದವು; ಹಿಂದೆ ಯಾರೋ ಪುಟ್ಟಿ ಮೆತ್ತಿ ಪೇಂಟು ಹೊಡೆಸಿದ್ದರು.

ನಿಜವಾಗಿ ಹೆದರಬೇಕಾದ ಜಾಗ ಸ್ಟ್ರಟ್ (ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಟ್ಟಿಗಿರುವ ಕಂಬ) ಮೇಲೆ ಕೂರುವ ತಗಡಿನ ಗುಮ್ಮಟ. ಎಸ್ಟೀಮಿಗೆ ನಾಲ್ಕೂ ಚಕ್ರಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್. ಹೊಂಡಕ್ಕೆ ಬಿದ್ದಾಗಿನ ಹೊಡೆತವೆಲ್ಲ ಆ ತಗಡಿಗೇ ಬರುತ್ತದೆ. ಹಿಂದಿನ ಚಕ್ರದ ಮೇಲೆ, ಡಿಕ್ಕಿಯ ಕಾರ್ಪೆಟ್ ಸರಿಸಿ ನೋಡಿದರೆ ಮಾತ್ರ ಕಾಣುವ ಮೂಲೆಯಲ್ಲಿ ಜಾಯಿಂಟು ಬಿರಿದಿತ್ತು. ಕೊಳೆತ ಭಾಗ ಕತ್ತರಿಸಿ, ಹೊಸ ಶೀಟು ಕೂರಿಸಿ, ಸಿಓಟು ವೆಲ್ಡಿಂಗ್ ಮಾಡಿಸಿದೆ. ಗ್ಯಾಸ್ ವೆಲ್ಡಿಂಗ್ ಅಗ್ಗ, ಆದರೆ ತೆಳು ತಗಡು ಆ ಬಿಸಿಗೆ ಸೊಟ್ಟಗಾಗುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ವೈರು ಕಳಚಿ, ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಕನೆಕ್ಟರನ್ನೂ ಬಿಚ್ಚಿಟ್ಟೆವು. ತುಕ್ಕು ಪೂರ್ತಿ ಕೆರೆಯದೆ ಮೇಲಿಂದ ಅಂಡರ್‌ಕೋಟಿಂಗ್ ಹೊಡೆಸುವವರಿದ್ದಾರೆ. ಅದು ನೀರನ್ನು ಒಳಗೇ ಕೂಡಿಹಾಕುವ ಕೆಲಸ. ಬಾಗಿಲು ಮತ್ತು ಸಿಲ್‌ಗಳ ಅಡಿಯ ನೀರು ಹೋಗುವ ತೂತುಗಳನ್ನು ತಂತಿಯಿಂದ ಬಿಡಿಸಿದ್ದು ಪುಕ್ಕಟೆ ಕೆಲಸ, ಫಲ ಮಾತ್ರ ದೊಡ್ಡದು. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಶೆಡ್ಡಿಗೇ ಹೋಯಿತು.

ಎಂಜಿನ್ ಬಿಚ್ಚಿಸುವ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿಸಿ. ನಾಲ್ಕು ಸಿಲಿಂಡರಿನ ಅಂಕಿ ಕಂಪನಿ ಹೇಳಿದ ಮಟ್ಟದಲ್ಲಿದ್ದು ಒಂದಕ್ಕೊಂದು ಹತ್ತಿರ ಇದ್ದರೆ ಎಷ್ಟು ಓಡಿದ್ದರೂ ಮುಟ್ಟಬೇಡಿ. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ಸಂಶಯ ವಾಲ್ವಿನ ಮೇಲೆ. ನನ್ನದರಲ್ಲಿ ನಾಲ್ಕೂ ಸಮ ಇತ್ತು. ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಬದಲಾಯಿಸಿ ಮುಚ್ಚಿದೆ. ಬೆಲ್ಟ್ ಯಾವಾಗ ಹಾಕಿದ್ದೆಂದು ಗೊತ್ತಿಲ್ಲದ ಕಾರನ್ನು ರೆಡ್‌ಲೈನ್ (ಎಂಜಿನ್ ತಿರುಗಬಹುದಾದ ಗರಿಷ್ಠ ವೇಗ) ತನಕ ಎಳೆಯುವುದು ಬೇಡ.

ಅಷ್ಟರಲ್ಲಿ ಒಂದು ಸಂಗತಿ ಹೊರಬಿತ್ತು. ಹೌಸಿಂಗ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ, ಅಂದರೆ ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಬಿಡದ ವಾಲ್ವೇ, ಇಲ್ಲ! ಗಾಡಿ ಹೀಟ್ ಆಗುತ್ತದೆಂದು ಹಿಂದಿನ ಯಾರೋ ಮೆಕ್ಯಾನಿಕ್ ಕಿತ್ತೆಸೆದಿದ್ದರು. ಅದಿಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೇ ಬರುವುದಿಲ್ಲ. ಇನ್ನೂ ತಣ್ಣಗಿದೆ ಎಂದು ತಿಳಿದು ಇಸಿಯು ಪೆಟ್ರೋಲು ಜಾಸ್ತಿ ಬಿಡುತ್ತಲೇ ಇರುತ್ತದೆ. ಹೀಟ್ ಆಗುತ್ತಿದ್ದ ಅಸಲು ಕಾರಣ ರೇಡಿಯೇಟರ್. ವರ್ಷಗಟ್ಟಲೆ ಬಾವಿ ನೀರು ಹೊಯ್ದು ಕೋರಿನಲ್ಲಿ ಕೆಂಪು ರಾಡಿ ಕಟ್ಟಿತ್ತು. ಹೊಸ ಕೋರ್, ಹೊಸ ಥರ್ಮೋಸ್ಟಾಟ್, ಸರಿಯಾದ ಕೂಲಂಟ್ ಹಾಕಿದ ಮೇಲೆ ಎರಡೂ ಕಾಯಿಲೆ ಹೋದವು. ಮೈಲೇಜೂ ಸುಧಾರಿಸಿತು ಅನ್ನಿ, ರೇಸಿಗೆಂದು ಮಾಡಿದ ಖರ್ಚಿನಲ್ಲಿ ಮನೆಯವರಿಗೆ ಒಪ್ಪಿಗೆಯಾದದ್ದು ಅದೊಂದೇ.

ಬ್ರೇಕಿನಲ್ಲಿ ನಮ್ಮೂರಿನ ಹವೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ; ಡಾಟ್ 4 ಆಯಿಲಿನ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ನೀರು ಸೇರಿದ ಮೇಲಿನ ಮಾನದಂಡ 155. ಡಾಟ್ 3ರದ್ದು 205 ಮತ್ತು 140. ತಿರುವಿನ ಹಿಂದೆ ತಿರುವು ಬಂದು ಕ್ಯಾಲಿಪರ್ ಕಾದಾಗ ಆಯಿಲ್ ಕುದ್ದರೆ ಪೆಡಲು ಸೀದಾ ನೆಲಕ್ಕೆ. ಹಾಗಾಗಿ ಹಳೇದನ್ನೆಲ್ಲ ತೆಗೆದು ಡಾಟ್ 4 ತುಂಬಿಸಿದೆ, ಗಟ್ಟಿಯಾಗಿದ್ದ ರಬ್ಬರ್ ಹೋಸುಗಳನ್ನೂ ಬದಲಾಯಿಸಿದೆ. ಹಿಂದಿನ ಡ್ರಮ್ಮಿನಲ್ಲಿ ಮೊದಲು ಶೂ ಸರಿಮಾಡಿ, ಆಮೇಲೆ ಹ್ಯಾಂಡ್‌ಬ್ರೇಕಿನ ಕೇಬಲ್ ಎಳೆಸಿದೆ. ಕೇಬಲನ್ನಷ್ಟೇ ಬಿಗಿ ಮಾಡಿ ಕೊಡುವವರೇ ಹೆಚ್ಚು. ಹೇರ್‌ಪಿನ್ ತಿರುವಿನಲ್ಲಿ ಹಿಂಬದಿಯನ್ನು ಬೀಸಲು ಇರುವ ಆಯುಧ ಆ ಹ್ಯಾಂಡ್‌ಬ್ರೇಕೇ.

ಸಸ್ಪೆನ್ಷನಿಗೆ ಹೊಸ ಡ್ಯಾಂಪರ್, ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್, ಎಂಜಿನ್ ಮೌಂಟ್. ಎಲ್ಲ ಕಂಪನಿಯ ಅಳತೆಯದ್ದೇ. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸಿದವರು ನಮ್ಮ ಮಣ್ಣಿನ ಟ್ರ್ಯಾಕಿನಲ್ಲಿ ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಒಡೆದುಕೊಂಡು ನಿಂತದ್ದನ್ನು ನೋಡಿದ್ದೇನೆ.

ಅಭ್ಯಾಸಕ್ಕೆ ಸಿಕ್ಕಿದ್ದು ಹಿರಿಯಡಕ ಕಡೆ ಪರಿಚಯದವರ ಪದವು. ಮುರಕಲ್ಲಿನ ಗಟ್ಟಿ ನೆಲ, ಮೇಲೆ ಸಡಿಲ ಕೆಂಪು ಹರಳು. ಅಡಿಕೆ ಹರವಿದ ಅಂಗಳದಲ್ಲಿ ನಡೆದ ಹಾಗೆ, ಕಾಲಿಟ್ಟಲ್ಲಿ ನಿಲ್ಲುವುದಿಲ್ಲ. ಮುಂದಿನ ಚಕ್ರ ಎಳೆಯುವ ಕಾರು ಅಲ್ಲಿ ಸ್ಟೇರಿಂಗ್ ತಿರುಗಿಸಿದರೂ ಮೂತಿ ಮುಂದಕ್ಕೇ ನೂಕಿಕೊಂಡು ಹೋಗುತ್ತದೆ. ಹಿಂದಿನ ಟಯರಿಗೆ ಮುಂದಿನದ್ದಕ್ಕಿಂತ ಸ್ವಲ್ಪ ಗಾಳಿ ಜಾಸ್ತಿ ಇಟ್ಟೆ, ಹಿಂಬದಿ ಸಲೀಸಾಗಿ ತಿರುಗಲು ಶುರುಮಾಡಿತು. ಟಯರಿನ ಅಂಚಿಗೆ ಸೀಮೆಸುಣ್ಣ ಉಜ್ಜಿ ಓಡಿಸಿದರೆ ತಿರುವಿನಲ್ಲಿ ಟಯರು ಎಷ್ಟು ಬದಿಗೆ ಮಡಚುತ್ತದೆ ಎನ್ನುವುದು ಗೆರೆ ಅಳಿಸಿದ್ದರಲ್ಲೇ ತಿಳಿಯುತ್ತದೆ. ಪಕ್ಕದ ಗೋಡೆವರೆಗೂ ಅಳಿಸಿದ್ದರೆ ಗಾಳಿ ಕಡಿಮೆಯಾಯಿತು ಎಂದರ್ಥ. ಟ್ಯಾಂಕಿನಲ್ಲಿ ಪೆಟ್ರೋಲು ತೀರಾ ತಳಕ್ಕೆ ಬಿಡಬೇಡಿ, ಜೋರು ತಿರುವಿನಲ್ಲಿ ಒಂದು ಬದಿಗೆ ಸರಿದು ಪಂಪಿಗೆ ಸಿಗದೆ ಎಂಜಿನ್ ಮುಗ್ಗರಿಸುತ್ತದೆ. ಎಂಜಿನ್ ಆಯಿಲ್ ಕೂಡ ಅಷ್ಟೇ, ಮೇಲಿನ ಗೆರೆಗೆ ಸರಿಯಾಗಿ ಇರಲಿ.

ಕಾಗದಪತ್ರದ ಮಾತು ಎರಡು. ಸ್ಪರ್ಧೆಗೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರು ಕ್ರೀಡೆಯ ಒಕ್ಕೂಟ) ಮಾನ್ಯತೆ ಉಂಟೋ ಇಲ್ಲವೋ ನೋಡಿ, ನಿಯಮಪತ್ರ ತರಿಸಿ ಓದಿ. ಹೆಲ್ಮೆಟ್, ಬೆಲ್ಟ್, ಬ್ಯಾಟರಿಯ ಬಿಗಿ, ಗಾಡಿ ಎಳೆಯುವ ಕೊಂಡಿ ಇವೆಲ್ಲ ಸ್ಕ್ರುಟಿನಿಯಲ್ಲಿ ನೋಡುತ್ತಾರೆ. ಇನ್ನು ಇನ್ಶೂರೆನ್ಸ್: ಮಾಮೂಲಿ ಪಾಲಿಸಿಯಲ್ಲಿ ರೇಸಿಂಗ್ ಮತ್ತು ವೇಗಪರೀಕ್ಷೆಗೆ ರಕ್ಷಣೆ ಇಲ್ಲ. ಟ್ರ್ಯಾಕಿನಲ್ಲಿ ಮಗುಚಿದರೆ ಪೂರ್ತಿ ಖರ್ಚು ನಮ್ಮದೇ.

ಸ್ಪರ್ಧೆಯ ದಿನ ಸ್ಟೆಪ್ನಿ, ಜ್ಯಾಕ್, ಮ್ಯಾಟು, ಡಿಕ್ಕಿಯ ಸ್ಪೀಕರ್ ಎಲ್ಲ ಇಳಿಸಿ ನಿಂತೆ. ಪಕ್ಕದಲ್ಲಿ ನನ್ನದಕ್ಕಿಂತ ಎಷ್ಟೋ ಹೊಸ ಗಾಡಿಗಳು. ಸಮಯದಲ್ಲಿ ನಾನು ಪಟ್ಟಿಯ ನಡುವಿನಲ್ಲೆಲ್ಲೋ ಇದ್ದೆ. ಹೀಟ್ ಆಗಿ ನಿಲ್ಲಲಿಲ್ಲ, ಪೆಡಲು ಕೊನೆವರೆಗೂ ಗಟ್ಟಿ ಇತ್ತು. ಮರುದಿನ ಬೆಳಿಗ್ಗೆ ಅಡಿಯ ಕೆಂಪು ಮಣ್ಣನ್ನು ಪೈಪು ಹಿಡಿದು ಪೂರ್ತಿ ತೊಳೆದೆ, ಅದು ಒಳಗೆ ಕೂತರೆ ಮತ್ತೆ ತುಕ್ಕಿಗೆ ದಾರಿ. ಆಕ್ಸಲ್ ಬೂಟು (ಆಕ್ಸಲ್ ಜಾಯಿಂಟಿನ ರಬ್ಬರ್ ಹೊದಿಕೆ) ಹರಿದಿದೆಯಾ ನೋಡಿ, ಏರ್ ಫಿಲ್ಟರ್ ಬದಲಾಯಿಸಿ, ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ಅದರಲ್ಲೇ ಆಫೀಸಿಗೆ ಹೋದೆ. ಇನ್ನು ಮಳೆ ಮುಗಿದ ಮೇಲೆ ಮೊದಲು ಬೈಕಂಪಾಡಿಯ ಶೆಡ್ಡು, ಆಮೇಲೆ ಬೇಕಾದರೆ ಹೊಸ ಟಯರು.