ಎಲ್‌ಇಡಿ ಬಲ್ಬು ತರುವಾಗ ವ್ಯಾಟ್ ಒಂದನ್ನೇ ನೋಡಬೇಡಿ

ಎರಡು ವರ್ಷದ ಹಿಂದೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ವ್ಯಾನಿಗೆ ಮೈಕ್ ಕಟ್ಟಿಕೊಂಡು ಮಾರುತ್ತಿದ್ದವನ ಹತ್ತಿರ ನೂರು ರೂಪಾಯಿಗೆ ಮೂರು ಬಲ್ಬು ತಂದಿದ್ದೆ. ಪೆಟ್ಟಿಗೆಯ ಮೇಲೆ 12 ವ್ಯಾಟ್ ಅಂತ ದೊಡ್ಡದಾಗಿ ಇತ್ತು. ಹಾಕಿ ನೋಡಿದರೆ ಮನೆಯಲ್ಲಿದ್ದ ಹಳೇ 9 ವ್ಯಾಟಿನಷ್ಟೂ ಬೆಳಕಿಲ್ಲ. ತುಲಾ ತಿಂಗಳ ಗುಡುಗು ಶುರುವಾದದ್ದೇ ತಡ, ಚಾವಡಿಯದ್ದು ಒಂದು, ಬಚ್ಚಲಿನದ್ದು ಒಂದು ಹೋಯಿತು. ಹಟ್ಟಿಯಲ್ಲಿದ್ದದ್ದು ನಾಲ್ಕು ದಿನ ಮಿಣಮಿಣ ಅಂತ ದನಗಳನ್ನು ಹೆದರಿಸಿ ಆಮೇಲೆ ಅದೂ ಹೋಯಿತು. ವಾಪಸ್ ಕೊಡೋಣ ಅಂದರೆ ಆ ವ್ಯಾನನ್ನು ಎಲ್ಲಿ ಅಂತ ಹುಡುಕುವುದು?

ನಮ್ಮ ವಯರಿಂಗ್‌ನವರು ಸತ್ತ ಬಲ್ಬಿನ ಬಿಳಿ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಒಂದು ಲೋಹದ ತಟ್ಟೆ, ಅದರ ಮೇಲೆ ಹಳದಿ ಚುಕ್ಕೆಗಳು, ಅವೇ ಎಲ್‌ಇಡಿ. ಒಂದು ಚುಕ್ಕೆಯ ನಡುವೆ ಮಾತ್ರ ಕಪ್ಪು ಕಲೆ. ಸಾಲಾಗಿ ಜೋಡಿಸಿರುತ್ತಾರೆ, ಒಂದು ಸುಟ್ಟರೆ ಎಲ್ಲವೂ ಆರುತ್ತವೆ. ಇನ್ನೊಂದು ಬಲ್ಬಿನಲ್ಲಿ ಚುಕ್ಕೆಗಳೆಲ್ಲ ಸರಿ ಇದ್ದವು, ಕರೆಂಟನ್ನು ಹದ ಮಾಡಿ ಕೊಡುವ ಡ್ರೈವರ್ ಸುಟ್ಟಿತ್ತು. ಅಂದರೆ ಬಲ್ಬನ್ನು ಕೊಲ್ಲುವುದು ಹೆಚ್ಚಾಗಿ ಎರಡೇ: ಬಿಸಿ ಮತ್ತು ವೋಲ್ಟೇಜು. ನಮ್ಮ ಕಡೆ ಎರಡಕ್ಕೂ ಬರ ಇಲ್ಲ. ಬೇಸಿಗೆಯಲ್ಲಿ ಎಲ್ಲರೂ ತೋಟಕ್ಕೆ ಪಂಪು ಹಾಕಿದಾಗ ವೋಲ್ಟೇಜ್ ಬೀಳುತ್ತದೆ, ಗುಡುಗಿನ ಸಂಜೆ ಒಮ್ಮೆಲೇ ಏರುತ್ತದೆ. ಹಾಗಾಗಿ ಬಲ್ಬು ಕೊಳ್ಳುವುದು ಅಂದರೆ ನಿಜವಾಗಿ ಒಳ್ಳೆಯ ಡ್ರೈವರ್ ಕೊಳ್ಳುವುದು. ಅದು ಹೊರಗಿನಿಂದ ಕಾಣುವುದಿಲ್ಲ, ಪೆಟ್ಟಿಗೆ ಓದಿಯೇ ಅಂದಾಜು ಮಾಡಬೇಕು.

ಮೊದಲು ಲ್ಯೂಮೆನ್ ಹುಡುಕಿ. ವ್ಯಾಟ್ ಅಂದರೆ ಬಲ್ಬು ಎಷ್ಟು ಕರೆಂಟು ತಿನ್ನುತ್ತದೆ ಅಂತ, ಲ್ಯೂಮೆನ್ ಅಂದರೆ ಎಷ್ಟು ಬೆಳಕು ಕೊಡುತ್ತದೆ ಅಂತ. ಹಳೇ 60 ವ್ಯಾಟಿನ ತಂತಿ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಈಗ ಒಳ್ಳೆಯ 9 ವ್ಯಾಟಿನ ಎಲ್‌ಇಡಿ 900ರ ಹತ್ತಿರ ಕೊಡುತ್ತದೆ. ಲ್ಯೂಮೆನನ್ನು ವ್ಯಾಟಿನಿಂದ ಭಾಗಿಸಿ. 100ರ ಆಸುಪಾಸು ಬಂದರೆ ತರಬಹುದು, 80ಕ್ಕಿಂತ ಕಡಿಮೆ ಬಂದರೆ ಅಲ್ಲೇ ಇಟ್ಟು ಬನ್ನಿ. ಲ್ಯೂಮೆನ್ ಬರೆದೇ ಇಲ್ಲದಿದ್ದರೆ ಮಾತೇ ಬೇಡ.

ಇದೇ ಲೆಕ್ಕವನ್ನು ಬಿಇಇ (ಕೇಂದ್ರ ಸರಕಾರದ ಇಂಧನ ದಕ್ಷತಾ ಸಂಸ್ಥೆ) ಸ್ಟಾರ್ ಲೇಬಲ್ ಕೂಡ ಹೇಳುತ್ತದೆ, ಸ್ಟಾರ್ ಜಾಸ್ತಿ ಅಂದರೆ ವ್ಯಾಟಿಗೆ ಬೆಳಕು ಜಾಸ್ತಿ. ಆದರೆ ಸ್ಟಾರ್‌ಗೋಸ್ಕರ ಎರಡು ಪಟ್ಟು ದುಡ್ಡು ಕೊಡಬೇಕಾ? ನನಗೆ ಅನುಮಾನ. 9 ವ್ಯಾಟಿನ ಬಲ್ಬು ದಿನಕ್ಕೆ 6 ಗಂಟೆ ಉರಿದರೆ ಎರಡು ತಿಂಗಳ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲಿನಲ್ಲಿ ಅದರ ಪಾಲು ಸುಮಾರು ಮೂರೂಕಾಲು ಯೂನಿಟ್. ಅದೇ ಬೆಳಕನ್ನು 7 ವ್ಯಾಟಿನಲ್ಲಿ ಪಡೆದರೆ ಎರಡೂವರೆ. ಮುಕ್ಕಾಲು ಯೂನಿಟಿನ ವ್ಯತ್ಯಾಸ, ಅಷ್ಟೇ. ತಂತಿ ಬಲ್ಬಿನಿಂದ ಎಲ್‌ಇಡಿಗೆ ಬಂದಾಗಲೇ ದೊಡ್ಡ ಉಳಿತಾಯ ಆಗಿಹೋಗಿದೆ. ತಂತಿ ಬಲ್ಬನ್ನು ಪೂರ್ತಿ ಬಿಡುವುದರಲ್ಲಿ ನಮ್ಮ ಜಿಲ್ಲೆಯ ಪಿಲಿಕ್ಕೋಡು ಪಂಚಾಯತು ದೇಶಕ್ಕೇ ಮೊದಲು ಅಂತ ಹೆಸರು ಮಾಡಿದೆ. ಇನ್ನು ಉಳಿಯುವ ದುಡ್ಡು ಇರುವುದು ಬಲ್ಬು ಎಷ್ಟು ವರ್ಷ ಬಾಳುತ್ತದೆ ಅನ್ನುವುದರಲ್ಲಿ.

ಬಾಳಿಕೆ ಅಂದಾಗ ಪೆಟ್ಟಿಗೆಯ ಮೇಲಿನ 25,000 ಗಂಟೆ ನಂಬಿ ಕೂರಬೇಡಿ. ದಿನಕ್ಕೆ 6 ಗಂಟೆ ಅಂದರೆ ಅದು ಹನ್ನೊಂದು ವರ್ಷ ಆಗುತ್ತದೆ. ವಾರಂಟಿ ಎಷ್ಟು ಅಂತ ನೋಡಿದರೆ ಎರಡು ವರ್ಷ! ಕಂಪನಿಗೆ ತನ್ನ ಬಲ್ಬಿನ ಮೇಲೆ ಎಷ್ಟು ಧೈರ್ಯ ಇದೆ ಅಂತ ಹೇಳುವುದು ಆ ಎರಡನೇ ಅಂಕಿ. ಬೆಲೆಯನ್ನು ವಾರಂಟಿ ವರ್ಷದಿಂದ ಭಾಗಿಸಿ ನೋಡಿ: 50 ರೂಪಾಯಿಯ ಒಂದು ವರ್ಷದ ಬಲ್ಬಿಗಿಂತ 90 ರೂಪಾಯಿಯ ಎರಡು ವರ್ಷದ್ದು ಅಗ್ಗ, ಸ್ಟೂಲ್ ಹತ್ತಿ ಬದಲಿಸುವ ಕೆಲಸವೂ ಒಂದು ಸಲ ತಪ್ಪಿತು.

ಆದರೆ ವಾರಂಟಿ ಕೊಡುವುದು ಪೆಟ್ಟಿಗೆ ಅಲ್ಲ, ಅಂಗಡಿಯವರು. ಮಂಗಳೂರಿಗೆ ಹೋದಾಗ ಹತ್ತು ರೂಪಾಯಿ ಕಡಿಮೆಗೆ ಸಿಕ್ಕಿತು ಅಂತ ತಂದು, ಹಾಳಾದ ಮೇಲೆ ತಲಪಾಡಿ ದಾಟಿ ಬಸ್ಸಿನಲ್ಲಿ ಹೋಗಿ ಬದಲಿಸುತ್ತೀರಾ? ಬಸ್ ಚಾರ್ಜಿಗೇ ಹೊಸ ಬಲ್ಬು ಬರುತ್ತದೆ. ಕುಂಬಳೆಯಲ್ಲೋ ಮುಳ್ಳೇರಿಯದಲ್ಲೋ ನೀವು ವಾರಕ್ಕೊಮ್ಮೆ ಹೋಗುವ ಪೇಟೆಯಲ್ಲೇ ತನ್ನಿ, ಬಲ್ಬಿನ ಬುಡದಲ್ಲಿ ಮಾರ್ಕರ್ ಪೆನ್ನಿನಿಂದ ತಾರೀಕು ಬರೆಸಿಕೊಳ್ಳಿ. ಬಿಲ್ಲಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಿ, ಆ ನುಣುಪು ಕಾಗದದ ಅಕ್ಷರ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಾಸಿಹೋಗುತ್ತದೆ.

ಬಲ್ಬಿನ ಮೇಲೆ ಐಎಸ್‌ಐ ತರದ ಒಂದು ಗುರುತು, ಜೊತೆಗೆ ಐಎಸ್ 16102 ಅಂತ, ಆರ್ ಅಕ್ಷರದಿಂದ ಶುರುವಾಗುವ ಒಂದು ನಂಬರು ಇರಬೇಕು. ಅದು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರು ಹಾಕಿದರೆ ಯಾವ ಕಂಪನಿಯದು ಅಂತ ಬರುತ್ತದೆ. ಪೆಟ್ಟಿಗೆಯ ಹೆಸರು ಒಂದು, ಆ್ಯಪಿನ ಹೆಸರು ಇನ್ನೊಂದು ಬಂದರೆ ಅಂಗಡಿಯವರನ್ನು ಕೇಳಿ. ಕೆಲವು ಬ್ರಾಂಡುಗಳು ಬೇರೆಯವರ ಕೈಲಿ ಮಾಡಿಸುವುದೂ ಇದೆ, ಆಗ ತಯಾರಕರ ಹೆಸರು ಪೆಟ್ಟಿಗೆಯಲ್ಲೇ ಸಣ್ಣಕ್ಷರದಲ್ಲಿ ಇರುತ್ತದೆ. ವೋಲ್ಟೇಜಿನ ಸಾಲನ್ನೂ ಓದಿ. 220-240 ಅಂತ ಮಾತ್ರ ಇದ್ದರೆ ನಮ್ಮ ಊರಿಗೆ ಸಾಲದು, 100-300 ಅಂತ ಇರುವುದು ಒಳ್ಳೆಯದು. ಸರ್ಜ್ ಪ್ರೊಟೆಕ್ಷನ್ (ವೋಲ್ಟೇಜ್ ಒಮ್ಮೆಲೇ ಏರಿದಾಗ ಕಾಪಾಡುವುದು) 2.5 ಕೆವಿ ಅಥವಾ 4 ಕೆವಿ, ಅಂದರೆ ಕಿಲೋವೋಲ್ಟ್, ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ಹಾಗಂತ ಅಂಗಳದ ತೆಂಗಿನ ಮರಕ್ಕೆ ಸಿಡಿಲು ಬಡಿದರೆ ಯಾವ ಕೆವಿಯೂ ಕಾಪಾಡುವುದಿಲ್ಲ, ಗುಡುಗು ಜೋರಾಗುವ ಮೊದಲೇ ಮೇನ್ ತೆಗೆಯಿರಿ.

ಬಣ್ಣದ ವಿಷಯ ಸುಮ್ನೆ ರುಚಿಯದ್ದಲ್ಲ. 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂದರೆ ನೀಲಿ ಬಿಳುಪು, 3000 ಕೆ ಅಂದರೆ ಹಳದಿ. ಜಗಲಿಗೆ ಹಳದಿ ಹಾಕಿ, ಮಳೆಗಾಲದ ಸಂಜೆ ರೆಕ್ಕೆ ಹುಳಗಳ ಕಾಟ ಸ್ವಲ್ಪ ಕಡಿಮೆ. ಇನ್ನೊಂದು ಅಂಕಿ ಸಿಆರ್‌ಐ, ಬಲ್ಬಿನ ಕೆಳಗೆ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅಂತ. 80ಕ್ಕಿಂತ ಕಡಿಮೆ ಬೇಡ. ರಾತ್ರಿ ಕೂತು ಅಡಿಕೆ ಹೆಕ್ಕುವವರಿಗೆ ಇದು ಬೇಗ ಗೊತ್ತಾಗುತ್ತದೆ, ಕಳಪೆ ಬೆಳಕಿನಲ್ಲಿ ಒಳ್ಳೆಯ ಚಾಲಿ ಯಾವುದು, ಕಡಿಮೆ ದರ್ಜೆಯ ಪಟೋರ ಯಾವುದು ಅಂತ ಕಣ್ಣಿಗೆ ಹಿಡಿಯುವುದೇ ಇಲ್ಲ. ಅಲ್ಲಿ ಮಾತ್ರ ನಾಲ್ಕು ಕಾಸು ಜಾಸ್ತಿ ಹೋದರೂ 90ರದ್ದು ಸಿಕ್ಕಿದರೆ ತನ್ನಿ.

ಅಂಗಡಿಯಲ್ಲಿ ಬಲ್ಬು ಉರಿಸಿ ತೋರಿಸುತ್ತಾರಲ್ಲ, ಆಗ ಮೊಬೈಲ್ ಕ್ಯಾಮರಾವನ್ನು ಸ್ಲೋ ಮೋಷನ್‌ಗೆ ಹಾಕಿ ಹಿಡಿಯಿರಿ. ಬೆಳಕು ಪಟಪಟ ಮಿಟುಕಿದರೆ ಡ್ರೈವರ್ ಕಳಪೆ. ಮಕ್ಕಳು ಓದುವ ಕೋಣೆಗೆ ಅಂಥದ್ದು ಬೇಡವೇ ಬೇಡ.

ಇಷ್ಟೆಲ್ಲ ನೋಡಿ ತಂದದ್ದೂ ಬೇಗ ಹೋಗುತ್ತಿದೆಯಾ? ಮುಚ್ಚಿದ ಗಾಜಿನ ಬುರುಡೆಯೊಳಗೆ ಹಾಕಿದ್ದೀರಾ ನೋಡಿ, ಅಲ್ಲಿ ಬಿಸಿ ಹೊರಗೆ ಹೋಗಲಾರದು. ಹೋಲ್ಡರ್ ಸಡಿಲ ಇದ್ದರೆ, ಹಟ್ಟಿಯ ತೇವಕ್ಕೆ ಅದರ ಪಿನ್ನು ಕಿಲುಬು ಹಿಡಿದಿದ್ದರೆ ಮೊದಲು ಹೋಲ್ಡರ್ ಬದಲಿಸಿ. ಸ್ವಿಚ್ ಆಫ್ ಮಾಡಿದ ಮೇಲೂ ಬಲ್ಬು ಮಂದವಾಗಿ ಹೊಳೆಯುತ್ತಿದ್ದರೆ ಬಲ್ಬನ್ನು ಬೈಯಬೇಡಿ, ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿರಬಹುದು ಅಥವಾ ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇರಬಹುದು. ನ್ಯೂಟ್ರಲ್ ಆಗಿದ್ದರೆ ವಯರಿಂಗ್‌ನವರನ್ನು ಬೇಗ ಕರೆಸಿ, ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ.